ಊರಿನ ಕ್ಲಬ್ಬಿನಲ್ಲಿ ಒಲಿಂಪಿಕ್ಸ್ ಸಾಕ್ಷ್ಯಚಿತ್ರ ತೋರಿಸುವುದು ಹೇಗೆ?

ವಿಶ್ವಕಪ್ ಬಂದರೆ ಸಾಕು, ನಮ್ಮ ಕಾಸರಗೋಡಿನಲ್ಲಿ ಎಲ್ಲಿ ನೋಡಿದರೂ ಅರ್ಜೆಂಟೀನ, ಬ್ರೆಜಿಲ್ ಫ್ಲೆಕ್ಸ್. ಫೈನಲ್ ಮುಗಿದ ಮರುದಿನ ಕ್ಲಬ್ಬಿನ ಪ್ರೊಜೆಕ್ಟರ್ ಮೂಲೆ ಸೇರುತ್ತದೆ. ಅದನ್ನು ಹೊರಗೆ ತೆಗೆಯಿರಿ, ಮಕ್ಕಳಿಗೆ ಒಂದು ಒಳ್ಳೆಯ ಕ್ರೀಡಾ ಸಾಕ್ಷ್ಯಚಿತ್ರ ತೋರಿಸಿ.

ಮೊದಲಿಗೆ ನಾನು ಹೇಳುವುದು ಜಪಾನಿನ ನಿರ್ದೇಶಕ ಕೋನ್ ಇಚಿಕಾವಾ ಅವರ 'ಟೋಕಿಯೊ ಒಲಿಂಪಿಯಾಡ್'. 1964ರ ಒಲಿಂಪಿಕ್ಸ್ ಬಗ್ಗೆ 1965ರಲ್ಲಿ ಬಂದ ಚಿತ್ರ. ಹೆಚ್ಚುಕಡಿಮೆ 3 ಗಂಟೆ ಇದೆ. ರಾತ್ರಿಯಿಡೀ ಯಕ್ಷಗಾನ ನೋಡುವ ಹಿರಿಯರಿಗೆ ಇದು ಏನೂ ಅಲ್ಲ, ಆದರೆ ಮಕ್ಕಳಿಗೆ ಜಾಸ್ತಿಯಾಗುತ್ತದೆ, ಅದಕ್ಕೆ ಎರಡು ಸಂಜೆ ಮಾಡಿ.

ಕತ್ತಲಾದ ಮೇಲೆಯೇ ಶುರು ಮಾಡಿ. ತಗಡಿನ ಮಾಡಾದರೆ ಮಳೆಗಾಲದಲ್ಲಿ ಬೇಡವೇ ಬೇಡ, ಒಂದಕ್ಷರ ಕೇಳಿಸುವುದಿಲ್ಲ. ನೀವು ಒಬ್ಬರೇ ಮೊದಲು ಪೂರ್ತಿ ನೋಡಿಕೊಳ್ಳಿ. ಮಾತು ಜಪಾನಿ ಭಾಷೆಯಲ್ಲಿದೆ, ಹಾಗಾಗಿ ಯಾರಾದರೂ ಪಕ್ಕದಲ್ಲಿ ನಿಂತು ಕನ್ನಡದಲ್ಲೋ ತುಳುವಿನಲ್ಲೋ ಎರಡೆರಡು ಮಾತಲ್ಲಿ ಹೇಳುತ್ತಾ ಹೋಗಬೇಕು.

ಆದರೆ ಮ್ಯಾರಥಾನ್ ಬಂದಾಗ ಸುಮ್ಮನಿರಿ. ಹೇಳುವುದನ್ನೆಲ್ಲ ಮೊದಲೇ ಹೇಳಿಬಿಡಿ: ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಗೆದ್ದವರು, ಟೋಕಿಯೊಗೆ ಬರುವ ಕೆಲವೇ ವಾರ ಮೊದಲು ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಆಮೇಲೆ ಪರದೆಯಲ್ಲಿ ಆ ಶಾಂತ ಮುಖ ನಿಧಾನ ಚಲನೆಯಲ್ಲಿ ಓಡುತ್ತಾ ಬರುತ್ತದೆ, ಬರುತ್ತಲೇ ಇರುತ್ತದೆ. ಅಲ್ಲಿ ವಿವರಣೆ ಯಾಕೆ ಬೇಕು, ಅಲ್ವಾ?

ನನಗೆ ಅದಕ್ಕಿಂತಲೂ ಪ್ರಿಯವಾದ ಭಾಗ ಇನ್ನೊಂದಿದೆ. 1960ರಲ್ಲಷ್ಟೇ ಸ್ವತಂತ್ರವಾದ ಚಾಡ್ ದೇಶದ ಓಟಗಾರನೊಬ್ಬ 800 ಮೀಟರ್ ಓಡಲು ಬಂದಿದ್ದಾನೆ, ಅಷ್ಟು ದೊಡ್ಡ ಕ್ರೀಡಾಗ್ರಾಮದಲ್ಲಿ ಒಬ್ಬನೇ ಕೂತು ಊಟ ಮಾಡುತ್ತಾನೆ. ಪದಕ ಸಿಗುವುದಿಲ್ಲ. ಆದರೂ ಕ್ಯಾಮೆರಾ ಅವನ ಹಿಂದೆ ಹೋಗಿದೆ. ಇಲ್ಲಿ ಚಿತ್ರ ನಿಲ್ಲಿಸಿ, ಇವನನ್ನು ಯಾಕೆ ತೋರಿಸಿದರು ಅಂತ ಮಕ್ಕಳನ್ನೇ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.

1936ರ ಬರ್ಲಿನ್ ಒಲಿಂಪಿಕ್ಸ್ ಬಗ್ಗೆ ಜರ್ಮನಿಯ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ ಮಾಡಿದ 'ಒಲಿಂಪಿಯಾ' ದೊಡ್ಡ ಮಕ್ಕಳಿಗೆ ಮಾತ್ರ ಸಾಕು. ಅದಕ್ಕೆ ಹಣ ಕೊಟ್ಟದ್ದು ನಾಜಿ ಸರ್ಕಾರ ಅಂತ ಮೊದಲೇ ತಿಳಿಸಿ, ಅಮೆರಿಕದ ಕಪ್ಪು ವರ್ಣದ ಓಟಗಾರ ಜೆಸ್ಸಿ ಓವೆನ್ಸ್ ಅಲ್ಲಿ 4 ಚಿನ್ನ ಗೆದ್ದದ್ದನ್ನೂ, ಧ್ಯಾನ್‌ಚಂದ್ ತಂಡ ಹಾಕಿ ಫೈನಲ್‌ನಲ್ಲಿ ಜರ್ಮನಿಯನ್ನು 8-1ರಿಂದ ಸೋಲಿಸಿದ್ದನ್ನೂ ಹೇಳಿ.

ಮುಂದಿನ ಭಾನುವಾರ ಕಬಡ್ಡಿ ಇದ್ದರೆ ಮಕ್ಕಳ ಕೈಗೆ ಮೊಬೈಲ್ ಕೊಡಿ. 2 ನಿಮಿಷದ ವಿಡಿಯೊ ಸಾಕು, ಆದರೆ ಅಂಕ ಬೇಡ. ಔಟಾಗಿ ಹೊರಗೆ ಕೂತವನ ಮುಖ ತೆಗೆಯಲಿ.