ಚಿತ್ರ ಬರೆದುಕೊಂಡು ಹೋಗಿ, ಆಮೇಲೆ ಕೇಳಿ

ಬಂಗಾರಪೇಟೆ ಕಡೆಯ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿ ಕೋಲಾರದಲ್ಲಿ ಬಿಎಸ್ಸಿ ಮಾಡಿದವಳು ನಾನು. ಮೊದಲ ವರ್ಷದ ಮೆಕ್ಯಾನಿಕ್ಸ್ (ಬಲ ಮತ್ತು ಚಲನೆಯ ಪಾಠ) ಲೆಕ್ಕಗಳಿಗೆ ಯಾರ ಹತ್ತಿರ, ಹೇಗೆ ಸಹಾಯ ಕೇಳಿದೆ ಅನ್ನೋದನ್ನ ಬರೆಯುತ್ತಿದ್ದೇನೆ. ಈ ವರ್ಷ ಸೇರಿರುವವರಿಗೆ ಉಪಯೋಗವಾಗಲಿ.

‘ಸರ್, ಈ ಪ್ರಾಬ್ಲಂ ಬರ್ತಿಲ್ಲ’ ಅಂತ ಹೋದರೆ ಯಾರೇ ಆದರೂ ಪೂರ್ತಿ ಮಾಡಿ ತೋರಿಸಿಬಿಡುತ್ತಾರೆ. ನೋಡುವಾಗ ಎಲ್ಲಾ ಸರಿಯಾಗೇ ಕಾಣುತ್ತದೆ. ಮನೆಗೆ ಬಂದು ಮುಂದಿನ ಲೆಕ್ಕ ತೆಗೆದರೆ ಮತ್ತೆ ಕೈ ಓಡಲ್ಲ. ನಮ್ಮ ಮೇಡಂ ಹಾಗೆ ಮಾಡುತ್ತಿರಲಿಲ್ಲ. ಲ್ಯಾಬ್ ಮುಗಿದ ಮೇಲೆ ಯಾರು ಬೇಕಾದರೂ ಹೋಗಬಹುದಿತ್ತು, ಆದರೆ ಕೈಯಲ್ಲಿ ಹಾಳೆ ಇರಬೇಕು. ಅದರ ಮೇಲೆ ಒಂದು ಚಿತ್ರ, ಬಲಗಳ ಬಾಣಗಳು, ಎಲ್ಲಿ ನಿಂತುಹೋಯಿತೋ ಅಲ್ಲೊಂದು ಗುರುತು. ಸೂತ್ರ ಇಲ್ಲದಿದ್ದರೂ ಬೈಯುತ್ತಿರಲಿಲ್ಲ, ಚಿತ್ರ ಇಲ್ಲದಿದ್ದರೆ ಮಾತ್ರ ವಾಪಸ್ ಕಳಿಸುತ್ತಿದ್ದರು.

ಹಾಳೆ ನೋಡಿ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಈ ಬಾಣ ಯಾರದಮ್ಮ?’ ಪ್ರತಿ ಬಲಕ್ಕೂ ಒಬ್ಬ ಯಜಮಾನ ಇರಬೇಕು. ಕೆಳಗಿನ ಬಾಣ ಭೂಮಿಯದು, ಮೇಲಿನದು ಹಗ್ಗದ್ದು, ಅಡ್ಡ ಬಾಣ ನೆಲದ ಘರ್ಷಣೆಯದು. ‘ವಸ್ತು ಮುಂದಕ್ಕೆ ಹೋಗ್ತಿದೆಯಲ್ಲ, ಅದಕ್ಕೆ ಮುಂದೊಂದು ಬಾಣ’ ಅಂತ ಯಾರಾದರೂ ಹಾಕಿದ್ದರೆ ಅದಕ್ಕೆ ಯಜಮಾನನೇ ಸಿಗುವುದಿಲ್ಲ, ಅಳಿಸಬೇಕು. ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ (ವೇಗ ಬದಲಾಗುವ ದರ) ಅನ್ನೋದೂ ಬಾಣ ಅಲ್ಲ, ಬಾಣಗಳನ್ನೆಲ್ಲ ಕೂಡಿಸಿದಾಗ ಬರುವ ಮೊತ್ತ. ನ್ಯೂಟನ್ನನ ಎರಡನೇ ನಿಯಮವನ್ನು ನಾನು ಪರೀಕ್ಷೆಗೆ ಬರೆದಿದ್ದೆ ನಿಜ, ಬಳಸೋಕೆ ಕಲಿತದ್ದು ಈ ಪ್ರಶ್ನೆಯಿಂದ.

ಹಾಳೆ ತಯಾರು ಮಾಡುವ ಮೊದಲು ಲೆಕ್ಕವನ್ನು ಕನ್ನಡದಲ್ಲಿ ನನ್ನದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದೆ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಏನನ್ನು ಬಿಟ್ಟುಬಿಡು ಅಂದಿದ್ದಾರೆ. ಈ ಮೂರನೆಯದು ಬಹಳ ಮುಖ್ಯ. ನುಣುಪಾದ ಮೇಲ್ಮೈ ಅಂದರೆ ಘರ್ಷಣೆ ಬಿಡು. ಹಗುರವಾದ ಹಗ್ಗ ಅಂದರೆ ಹಗ್ಗದ ತೂಕ ಬಿಡು.

ನನ್ನನ್ನು ಬಹಳ ದಿನ ಕಾಡಿದ್ದು ಲಿಫ್ಟ್ ಲೆಕ್ಕ. 500 ಕೆ.ಜಿ.ಯ ಕೇಜ್ (ಲಿಫ್ಟಿನ ಪೆಟ್ಟಿಗೆ) ಮೇಲಕ್ಕೆ ಹೋಗುತ್ತಾ ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 1 ಮೀಟರಿನಷ್ಟು ಹೆಚ್ಚಿಸಿಕೊಂಡರೆ ಹಗ್ಗದ ಟೆನ್ಷನ್, ಅಂದರೆ ಎಳೆತ, 500 × (9.8 + 1), ಅಂದರೆ 5400 ನ್ಯೂಟನ್ (9.8 ಅನ್ನೋದು ಭೂಮಿಯ ಗುರುತ್ವದ ವೇಗೋತ್ಕರ್ಷ). ಅದೇ ಕೇಜ್ ಮೇಲಕ್ಕೇ ಹೋಗುತ್ತಿದ್ದು ಅಷ್ಟೇ ದರದಲ್ಲಿ ವೇಗ ಕಡಿಮೆ ಮಾಡಿಕೊಂಡರೆ 4400. ಸೂತ್ರ ಹಾಕಿದರೆ ಉತ್ತರ ಬರುತ್ತಿತ್ತು. ಹೋಗುತ್ತಿರುವುದು ಮೇಲಕ್ಕೇ ಆದರೂ ಟೆನ್ಷನ್ ಯಾಕೆ ತೂಕಕ್ಕಿಂತ ಕಡಿಮೆ ಅನ್ನೋದು ಮಾತ್ರ ಒಳಗೆ ಇಳಿಯುತ್ತಿರಲಿಲ್ಲ.

ಅದನ್ನು ಬಿಡಿಸಿದವರು ನಮ್ಮ ಬೀದಿಯ ತಾತ ಒಬ್ಬರು. ಕೆಜಿಎಫ್ ಗಣಿಯಲ್ಲಿ ದುಡಿದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಗೆ ಬಂದು ನೆಲೆಸಿದ್ದರು. ‘ಕೇಜ್ ಮೇಲೆ ಬಂದು ನಿಲ್ಲೋವಾಗ ಕಾಲು ಹಗುರ ಆಗುತ್ತೆ ಕಣಮ್ಮ, ಕೆಳಗಿಳಿದು ನಿಲ್ಲೋವಾಗ ಮಂಡಿ ಮೇಲೆ ಭಾರ ಬೀಳುತ್ತೆ’ ಅಂದರು. ಮನೆಗೆ ಬಂದು ಚಿತ್ರದ ಪಕ್ಕದಲ್ಲಿ ವೇಗಕ್ಕೊಂದು, ವೇಗೋತ್ಕರ್ಷಕ್ಕೊಂದು ಬೇರೆ ಬೇರೆ ಬಣ್ಣದ ಬಾಣ ಹಾಕಿದೆ. ಮೇಲೆ ಬಂದು ನಿಲ್ಲುವಾಗ ವೇಗ ಮೇಲಕ್ಕೆ, ವೇಗೋತ್ಕರ್ಷ ಕೆಳಕ್ಕೆ. ಬಲಗಳ ಮೊತ್ತ ಯಾವಾಗಲೂ ವೇಗೋತ್ಕರ್ಷದ ಕಡೆಗೇ ಇರಬೇಕು, ಹಾಗಾಗಿ ಭೂಮಿಯ ಬಾಣವೇ ದೊಡ್ಡದು. ಅಂದಿನಿಂದ ಎರಡು ಬಣ್ಣದ ಪೆನ್ನು ಬಿಟ್ಟಿಲ್ಲ.

ತಾತ ಇನ್ನೊಂದು ಮಾತು ಕೇಳಿದರು: ‘ನಿನ್ನ ಪುಸ್ತಕದಲ್ಲಿ ಹಗ್ಗದ ತೂಕ ಎಲ್ಲಿ?’ ನಾನು ಕೂತು ಲೆಕ್ಕ ಹಾಕಿದೆ. ಸುಮಾರು 30 ಮಿ.ಮೀ. ದಪ್ಪದ ಉಕ್ಕಿನ ಹಗ್ಗ ಮೀಟರಿಗೆ ಹತ್ತಿರ ಹತ್ತಿರ ಮೂರೂವರೆ ಕೆ.ಜಿ. ತೂಗುತ್ತದೆ. ಒಂದು ಕಿ.ಮೀ. ಇಳಿಬಿಟ್ಟರೆ ಹಗ್ಗವೇ 3500 ಕೆ.ಜಿ. ಅದೇ ವೇಗೋತ್ಕರ್ಷದಲ್ಲಿ ಎತ್ತಿದರೆ ಕೇಜಿನ ಹತ್ತಿರ ಟೆನ್ಷನ್ 5400 ನ್ಯೂಟನ್, ಮೇಲಿನ ತುದಿಯಲ್ಲಿ 43,200. ಎಂಟು ಪಟ್ಟು! ಹಗ್ಗದ ತೂಕ ಬಿಡು ಅನ್ನುವ ಊಹೆ ಕಾಲೇಜಿನ ಲ್ಯಾಬಿನ ದಾರಕ್ಕೆ ಒಪ್ಪಬಹುದು, ಕೆಜಿಎಫ್‌ನ ಚಾಂಪಿಯನ್ ರೀಫ್‌ನಂಥ ಮೂರು ಕಿ.ಮೀ.ಗೂ ಹೆಚ್ಚು ಆಳದ ಗಣಿಗೆ ಒಪ್ಪುವುದಿಲ್ಲ. ಈ ಹಾಳೆಯನ್ನು ಮೇಡಂಗೆ ತೋರಿಸಿದಾಗ ಅವರು ಇನ್ನೊಂದು ಸಂಗತಿ ಹೇಳಿದರು. ಅದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದಿಂದ ಬರುವ ನ್ಯೂಟ್ರಿನೋಗಳ (ಬಂಡೆಯನ್ನೂ ದಾಟಿ ಹೋಗುವ ಅತಿ ಸೂಕ್ಷ್ಮ ಕಣಗಳು) ಸುಳಿವು ಹಿಡಿದಿದ್ದರಂತೆ. ಮೇಲಿದ್ದ ಎರಡು ಕಿ.ಮೀ.ಗೂ ಹೆಚ್ಚಿನ ಬಂಡೆ ಉಳಿದ ಕಾಸ್ಮಿಕ್ ಕಿರಣಗಳನ್ನು (ಬಾಹ್ಯಾಕಾಶದಿಂದ ಬರುವ ಕಣಗಳು) ಬಹುಮಟ್ಟಿಗೆ ತಡೆಯುತ್ತಿದ್ದದ್ದೇ ಅಲ್ಲಿ ಉಪಕರಣ ಇಡಲು ಕಾರಣ. ನಮ್ಮ ಜಿಲ್ಲೆಯಲ್ಲಿ ನಡೆದದ್ದು ಇದು, ನಮ್ಮ ಶಾಲೆಗಳಲ್ಲಿ ಯಾರೂ ಹೇಳುವುದಿಲ್ಲವಲ್ಲ ಅಂತ ನನಗೆ ಈಗಲೂ ಬೇಜಾರಿದೆ.

ಮೊಬೈಲಿನಲ್ಲಿ ಪಾಠದ ವಿಡಿಯೋ ನಾನೂ ನೋಡುತ್ತಿದ್ದೆ. ಲೆಕ್ಕ ಓದಿದ ಕೂಡಲೇ ನಿಲ್ಲಿಸಿ, ನನ್ನ ಚಿತ್ರ ಬರೆದು, ಆಮೇಲೆ ಮುಂದೆ ಓಡಿಸುತ್ತಿದ್ದೆ. ನಿಲ್ಲಿಸದೆ ನೋಡಿದ ವಿಡಿಯೋದಿಂದ ನನಗೆ ಏನೂ ಉಳಿಯಲಿಲ್ಲ. ಉತ್ತರ ಬಂದ ಮೇಲೆ ಎರಡು ತಾಳೆ: ಏಕಮಾನ ಸರಿಯಿದೆಯಾ, ವೇಗೋತ್ಕರ್ಷ ಸೊನ್ನೆ ಇಟ್ಟರೆ ಟೆನ್ಷನ್ ತೂಕಕ್ಕೆ ಸಮ ಆಗುತ್ತಾ. ಅಷ್ಟರಲ್ಲೇ ಎಷ್ಟೋ ತಪ್ಪು ಸಿಕ್ಕಿಬೀಳುತ್ತವೆ.

ಈಗ ಭಾನುವಾರಗಳಲ್ಲಿ ಜೂನಿಯರ್ ಹುಡುಗಿಯರು ಮನೆಗೆ ಬರುತ್ತಾರೆ. ಅವರಿಗೆ ಹೆಚ್ಚು ತೊಡಕು ಕೊಡುವುದು ಘರ್ಷಣೆ. ಹೊರಡುತ್ತಿರುವ ಬಸ್ಸಿನ ಚಿತ್ರ ಬರೆಸಿ, ಮುಂದಿನ ಬಾಣ ಯಾರದು ಅಂತ ಕೇಳುತ್ತೇನೆ. ‘ಇಂಜಿನ್ದು ಅಕ್ಕ’ ಅನ್ನುತ್ತಾರೆ. ಇಂಜಿನ್ ಬಸ್ಸಿನೊಳಗೇ ಇದೆ, ಹೊರಗಿನಿಂದ ತಳ್ಳುತ್ತಿರುವವರು ಯಾರು? ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಘರ್ಷಣೆಯ ಮೂಲಕ ಬಸ್ಸನ್ನು ಮುಂದಕ್ಕೆ ತಳ್ಳುತ್ತದೆ ಅಂದರೆ ಸುಲಭಕ್ಕೆ ನಂಬುವುದಿಲ್ಲ, ಘರ್ಷಣೆ ಯಾವಾಗಲೂ ಹಿಂದಕ್ಕೇ ಅಂತ ಶಾಲೆಯಿಂದ ಕೂತುಬಿಟ್ಟಿರುತ್ತದೆ. ಕೆಸರಲ್ಲಿ ಸಿಕ್ಕಿಕೊಂಡ ಬಸ್ಸಿನ ಇಂಜಿನ್ ಎಷ್ಟು ಜೋರಾಗಿ ಓಡಿದರೂ ಬಸ್ ಯಾಕೆ ಕದಲಲ್ಲ ಅಂತ ಕೇಳಿದ ಮೇಲೆ ತಾವೇ ಬಾಣದ ಪಕ್ಕ ‘ರಸ್ತೆ’ ಅಂತ ಬರೆಯುತ್ತಾರೆ. ಸೂತ್ರಕ್ಕೆ ಕೈ ಹಾಕುವುದು ಆಮೇಲೆ.