ಮ್ಯಾನಿಫೋಲ್ಡ್ ಬಿಚ್ಚಬೇಕಾ? ಹಿಂದಿನ ಸಂಜೆಯೇ ಶುರು ಮಾಡಿ

ಬೆಳಗಾವಿಯ ಮಳೆಯಲ್ಲಿ ವರ್ಷಗಟ್ಟಲೆ ಓಡಿದ ಕಾರು. ಬೆಳಿಗ್ಗೆ ಬಾನೆಟ್ ಎತ್ತುತ್ತಾರೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ, ಅಂದರೆ ಇಂಜಿನ್‌ನ ಹೊಗೆಯನ್ನು ಒಟ್ಟು ಮಾಡಿ ಸೈಲೆನ್ಸರ್ ಪೈಪಿಗೆ ಕಳಿಸುವ ಭಾಗದ, ಜಂಗು ಹಿಡಿದ ನಟ್‌ಗೆ ಪಾನಾ ಹಾಕಿ ಇದ್ದ ಜೋರೆಲ್ಲ ಬಿಟ್ಟು ಎಳೆಯುತ್ತಾರೆ. ಟಕ್! ನಟ್ ಕೈಗೆ ಬರುತ್ತದೆ, ಅರ್ಧ ಸ್ಟಡ್ (ನಟ್ ಕೂರುವ ಥ್ರೆಡ್ ಕಡ್ಡಿ) ಇಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲೇ ಉಳಿಯುತ್ತದೆ. ನಾನೂ ಒಮ್ಮೆ ಹೀಗೇ ಮಾಡಿ, ಒಂದು ಸ್ಟಡ್ ಸಲುವಾಗಿ ಇಡೀ ಹೆಡ್ ಬಿಚ್ಚಿ ಉದ್ಯಮಬಾಗ್‌ನ ಲೇತ್ ಅಂಗಡಿಗೆ ಹೊತ್ತಿದ್ದೇನೆ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ. ಹೀಟ್ ಶೀಲ್ಡ್, ಆಕ್ಸಿಜನ್ ಸೆನ್ಸರ್‌ನ ಪ್ಲಗ್ ಬಿಚ್ಚಿ.

ಇನ್ನು ಸ್ಟಡ್. ಹೊರಗೆ ಕಾಣುವ ಥ್ರೆಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ. ನಟ್ ಮ್ಯಾನಿಫೋಲ್ಡ್‌ಗೆ ಕೂಡುವ ಜಾಗಕ್ಕೆ ಪೆನಿಟ್ರೇಟಿಂಗ್ ಆಯಿಲ್ (ಜಂಗಿನೊಳಗೆ ಇಳಿಯುವ ತೆಳು ಎಣ್ಣೆ) ಹಾಕಿ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಎದ್ದು ಇನ್ನೊಮ್ಮೆ. ಕೆಳಗಿನ ಸೈಲೆನ್ಸರ್ ಪೈಪಿನ ನಟ್‌ಗಳಿಗೂ ಇದೇ ಉಪಚಾರ. ಸೀಮೆಎಣ್ಣೆ ಸುರಿದರೆ ಸಾಕು ಅನ್ನುವವರಿದ್ದಾರೆ. ಅದು ಬೇಗ ಆರಿಹೋಗುತ್ತದೆ, ಸುಮ್ನೆ ವಾಸನೆ. ಆಟೋಮ್ಯಾಟಿಕ್ ಗೇರ್ ಆಯಿಲ್‌ಗೆ ಅಷ್ಟೇ ಅಸಿಟೋನ್ ಬೆರೆಸಿದರೆ ಅಗ್ಗ. ಎರಡೂ ಬೇರೆಯಾಗುತ್ತವೆ, ಹಾಕುವಾಗೆಲ್ಲ ಕುಲುಕಬೇಕು. ಬೆಂಕಿ ದೂರ ಇರಲಿ.

ಆರು ಮೂಲೆಯ ಸಾಕೆಟ್ಟೇ ಬಳಸಿ. ಹನ್ನೆರಡು ಮೂಲೆಯದು ಜಂಗು ತಿಂದ ನಟ್ಟನ್ನು ದುಂಡಗೆ ಮಾಡಿಬಿಡುತ್ತದೆ. ಮೊದಲು ಬಿಚ್ಚಬೇಡಿ, ಕೂದಲೆಳೆಯಷ್ಟು ಬಿಗಿ ಮಾಡಿ. ಕಿರ್ ಅಂದರೆ ಜಂಗು ಬಿಟ್ಟಿತು ಅಂತ. ಆಮೇಲೆ ಕಾಲು ಸುತ್ತು ಬಿಚ್ಚಿ, ತುಸು ಹಿಂದಕ್ಕೆ ತಿರುಗಿಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಸ್ಟಡ್ ಸ್ಪ್ರಿಂಗ್ ತರಹ ತಿರುಚಿಕೊಳ್ಳುತ್ತಿದೆ ಅನ್ನಿಸಿತಾ? ಅಲ್ಲೇ ನಿಲ್ಲಿಸಿ. ಎಣ್ಣೆ ಒರೆಸಿ, ಗ್ಯಾಸ್ ಟಾರ್ಚ್‌ನಿಂದ ನಟ್ ಮಾತ್ರ ಕಾಯಿಸಿ. ಅದು ಹಿಗ್ಗಿದರೆ ಹಿಡಿತ ಸಡಿಲ. ಪೆಟ್ರೋಲ್ ಪೈಪ್ ಪಕ್ಕದಲ್ಲಿದ್ದರೆ ಟಾರ್ಚ್ ಮುಟ್ಟಬೇಡಿ. ಹೆಡ್ ಅಲ್ಯೂಮಿನಿಯಂ ಆಗಿದ್ದರೆ ಉರಿ ಅದರ ಮೇಲೆ ಬೀಳಬಾರದು. ನಟ್ ಜೊತೆ ಸ್ಟಡ್ಡೂ ಕಳಚಿ ಬಂದರೆ ಚಿಂತೆ ಇಲ್ಲ, ಹೊಸದು ಹಾಕಿದರಾಯಿತು.

ಎರಡೂ ತುದಿಯಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೆಳಗಿನ ಪೈಪ್ ಬಿಚ್ಚಿ, ತಂತಿಯಿಂದ ಕಟ್ಟಿ, ಜೋತಾಡದಂತೆ ನೋಡಿ. ಮ್ಯಾನಿಫೋಲ್ಡ್ ಅಂಟಿಕೊಂಡಿದ್ದರೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಫೌಂಡ್ರಿ ಊರಿನವರಿಗೆ ಬೀಡು ಕಬ್ಬಿಣದ ಸ್ವಭಾವ ಹೇಳಬೇಕಾ? ಬಾಗುವುದಿಲ್ಲ, ಸೀಳುತ್ತದೆ.

ಮ್ಯಾನಿಫೋಲ್ಡ್ ಹೆಡ್‌ಗೆ ಕೂಡುವ ಮುಖದ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಸಂದಿಯಲ್ಲಿ ಬೆಳಕು ಜಾಸ್ತಿ ಕಂಡರೆ ಮುಖ ಮಟ್ಟ ಮಾಡಿಸಬೇಕು. ಗ್ಯಾಸ್ಕೆಟ್ (ಎರಡರ ನಡುವೆ ಸೋರಿಕೆ ತಡೆಯುವ ಹಾಳೆ) ಪ್ರತಿ ಸಲ ಹೊಸದೇ. ಹಳೆಯದಕ್ಕೆ ಸಿಲಿಕಾನ್ ಪೇಸ್ಟ್ ಬಳಿದು ಕಳಿಸುವವರನ್ನು ನೋಡಿದ್ದೇನೆ, ಆ ಕಾವಿಗೆ ಅದು ಸುಟ್ಟು ಉದುರುತ್ತದೆ.

ಮರಳಿ ಕೂಡಿಸುವಾಗ ನಡುವಿನಿಂದ ಹೊರಕ್ಕೆ, ಕಂಪನಿ ಪುಸ್ತಕದ ಟಾರ್ಕ್ (ಬಿಗಿ ಮಾಡುವ ಅಳತೆ) ಪ್ರಕಾರ ಬಿಗಿ ಮಾಡಿ. ಮೊದಲ ಸ್ಟಾರ್ಟ್‌ಗೆ ಹೊಗೆ ಬರುತ್ತದೆ. ಉಳಿದ ಎಣ್ಣೆ ಸುಡುತ್ತಿರುತ್ತದೆ, ಗಾಬರಿ ಬೇಡ. ತಣ್ಣಗಿನ ಇಂಜಿನ್‌ನಲ್ಲಿ ಟಿಕ್ ಟಿಕ್ ಕೇಳಿದರೆ ಸಂದಿಯಲ್ಲಿ ಸೋರುತ್ತಿರಬಹುದು, ಆಗ ಮಾತ್ರ ಬಾನೆಟ್ ಮತ್ತೆ ಎತ್ತಿ.