ಕೋಲಾರದ ಚಿತ್ರದಲ್ಲಿ ನದಿ ಎಲ್ಲಿಂದ ಬಂತು?

ಕೋಲಾರದ ಒಂದು ಬಿ.ಎಡ್. ಕಾಲೇಜಿನಲ್ಲಿ ನಾನು ಕಲಾ ಶಿಕ್ಷಣ ಕಲಿಸುತ್ತೇನೆ. ಪ್ರತಿ ವರ್ಷ ಮೊದಲ ದಿನ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, 'ನಿಮ್ಮೂರಿನ ಚಿತ್ರ ಬರೆಯಿರಿ' ಅನ್ನುತ್ತೇನೆ. ಅರ್ಧ ಗಂಟೆ ಆದ ಮೇಲೆ ಹಾಳೆಗಳನ್ನು ನೆಲದ ಮೇಲೆ ಹರಡುತ್ತೇವೆ. ಮುಳಬಾಗಿಲಿನವರು, ಮಾಲೂರಿನವರು, ಶ್ರೀನಿವಾಸಪುರದವರು ಎಲ್ಲರೂ ಬರೆದಿರುವುದು ಒಂದೇ ಊರು. ತ್ರಿಕೋನದಂಥ ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ, ಬೆಟ್ಟದಿಂದ ಇಳಿದು ಬರುವ ನದಿ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ನಮಗಿರುವುದು ಕೆರೆಗಳು. ಹೊರಗೆ ಬಂದು ನಿಂತರೆ ಅಂತರಗಂಗೆ ಬೆಟ್ಟ ಕಾಣುತ್ತದೆ. ಬಂಡೆಯ ಮೇಲೆ ಬಂಡೆ, ಎಲ್ಲೂ ತ್ರಿಕೋನ ಇಲ್ಲ. 'ಈ ನದಿ ಎಲ್ಲಿಂದ ಬಂತು?' ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೂ ಹೇಳುತ್ತಾರೆ: 'ಸ್ಕೂಲಲ್ಲಿ ಬೋರ್ಡ್ ಮೇಲೆ ಹಿಂಗೇ ಬರೀತಿದ್ರು ಮೇಡಂ.'

ಅದೇ ನನ್ನ ಚಿಂತೆ. ಇವರು ಇನ್ನೆರಡು ವರ್ಷಕ್ಕೆ ಶಾಲೆಗೆ ಹೋಗುತ್ತಾರೆ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ. ಗಣಿತದವರೋ ಕನ್ನಡದವರೋ ಆ ಪೀರಿಯಡ್ ತಗೋಬೇಕು. ಆಗ ಇವರೂ ಅದೇ ನದಿಯನ್ನು ಬೋರ್ಡಿಗೆ ಏರಿಸಿದರೆ?

ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಪರಿಷತ್ತು ಎನ್‌ಸಿಟಿಇಯ 2014ರ ನಿಯಮಗಳಿಂದ ಬಿ.ಎಡ್. ಎರಡು ವರ್ಷವಾಯಿತು. 'ಶಿಕ್ಷಣದಲ್ಲಿ ನಾಟಕ ಮತ್ತು ಕಲೆ' ಎಂಬ ವಿಷಯ ಎಲ್ಲರಿಗೂ ಬಂತು. ಶುರುವಿನಲ್ಲಿ ನಾನು ಅದನ್ನು ತಪ್ಪಾಗಿ ಕಲಿಸಿದೆ. ಶೇಡಿಂಗ್, ದೂರ ಹತ್ತಿರ ತೋರಿಸುವುದು, ಬಣ್ಣದ ಚಕ್ರ, ಕೊನೆಗೊಂದು ರೆಕಾರ್ಡ್ ಬುಕ್. ಅಂದವಾಗಿದ್ದ ರೆಕಾರ್ಡಿಗೆ ಜಾಸ್ತಿ ಅಂಕ ಕೊಡುತ್ತಿದ್ದೆ. ಒಂದು ವರ್ಷ ತುಂಬ ಚೆನ್ನಾಗಿದ್ದ ರೆಕಾರ್ಡೊಂದನ್ನು ತರಗತಿಯಲ್ಲಿ ಎತ್ತಿ ತೋರಿಸಿದೆ. ಸಂಜೆ ಆ ಹುಡುಗಿ ಬಂದು ಅತ್ತಳು. ದುಡ್ಡು ಕೊಟ್ಟು ಬೇರೆಯವರ ಕೈಲಿ ಬರೆಸಿದ್ದಳು. 'ನಂಗೆ ಚಿತ್ರ ಬರಲ್ಲ ಮೇಡಂ, ಅಂಕ ಹೋಗುತ್ತೆ ಅಂತ ಭಯ ಆಯ್ತು' ಅಂದಳು. ಆ ಭಯ ಹುಟ್ಟಿಸಿದವಳು ನಾನೇ. ಮುಂದಿನ ವರ್ಷದಿಂದ ಅಂದದ ಅಂಕ ತೆಗೆದುಹಾಕಿದೆ.

ಈಗ ಮೊದಲ ತಿಂಗಳು ನಾನು ಚಿತ್ರ ಬರೆಯುವುದನ್ನೇ ಕಲಿಸುವುದಿಲ್ಲ. ಮಕ್ಕಳ ಚಿತ್ರ ನೋಡುವುದನ್ನು ಕಲಿಸುತ್ತೇನೆ. ಪ್ರತಿಯೊಬ್ಬರೂ ಮನೆ ಹತ್ತಿರದ ಮಕ್ಕಳಿಂದ ಹತ್ತು ಚಿತ್ರ ತರಬೇಕು. ಮೂರು ವರ್ಷದಿಂದ ಹನ್ನೆರಡು ವರ್ಷದವರೆಗಿನ ಮಕ್ಕಳು. ಹಾಳೆಯ ಹಿಂದೆ ಮಗುವಿನ ವಯಸ್ಸು ಬರೆದು, ಬರೆಯುವಾಗ ಮಗು ಹೇಳಿದ ಮಾತನ್ನು ಅದರದೇ ಭಾಷೆಯಲ್ಲಿ ಬರೆಯಬೇಕು. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ತುಂಬ. ತೆಲುಗಲ್ಲಿ ಹೇಳಿದರೆ ತೆಲುಗೇ ಇರಲಿ. ಒಂದೇ ನಿಯಮ: 'ಇದೇನು?' ಅಂತ ಕೇಳಬಾರದು. 'ಇದರ ಬಗ್ಗೆ ಹೇಳು' ಅನ್ನಬೇಕು. 'ಇದೇನು' ಅಂದರೆ ಗೊತ್ತಾಗಲಿಲ್ಲ ಅಂತ ಮಗುವಿಗೆ ಕೇಳಿಸುತ್ತದೆ.

ಎಲ್ಲವನ್ನೂ ವಯಸ್ಸಿನ ಪ್ರಕಾರ ನೆಲದ ಮೇಲೆ ಜೋಡಿಸುತ್ತೇವೆ. ನಾನು ಸುಮ್ನೆ ನಿಲ್ಲುತ್ತೇನೆ. ಚಿಕ್ಕವರದು ಗೀಚು. ನಾಲ್ಕು ದಾಟಿದರೆ ತಲೆಯಿಂದಲೇ ಕಾಲು ಹೊರಟ ಮನುಷ್ಯ. ಏಳರ ಹೊತ್ತಿಗೆ ಕೆಳಗೆ ಒಂದು ಗೆರೆ, ಅದರ ಮೇಲೆ ಸಾಲಾಗಿ ಮನೆ, ಮರ, ಅಪ್ಪ, ಅಮ್ಮ. ವಿದ್ಯಾರ್ಥಿಗಳೇ ಇದನ್ನು ಕಂಡುಹಿಡಿಯುತ್ತಾರೆ. ಆಮೇಲೆ ನಾನು ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಹೆಸರು ಹೇಳುತ್ತೇನೆ. ಮಕ್ಕಳ ಚಿತ್ರ ಹಂತ ಹಂತವಾಗಿ ಹೇಗೆ ಬೆಳೆಯುತ್ತದೆ ಅಂತ ಅವರು 1947ರಲ್ಲೇ ವಿವರಿಸಿದ್ದರು. ಮೊದಲೇ ಈ ಹೆಸರು ಹೇಳಿದರೆ ಪರೀಕ್ಷೆಗೆ ಬಾಯಿಪಾಠ ಆಗುತ್ತದೆ ಅಷ್ಟೆ.

ಒಂದು ಚಿತ್ರ ನಾನು ಮರೆಯಲಾರೆ. ಗಣಿತದ ವಿದ್ಯಾರ್ಥಿಯೊಬ್ಬ ಪಕ್ಕದ ಮನೆಯ ಎಂಟು ವರ್ಷದ ಹುಡುಗನಿಂದ ತಂದಿದ್ದ. ಮೇಲೆ ಒಂದು ಟೊಮೆಟೊ ತೋಟ, ಬೋರ್‌ವೆಲ್. ನೆಲದೊಳಗೆ ಪೈಪು ಇಳಿಯುತ್ತಾ ಹೋಗಿ ಹಾಳೆ ಮುಗಿದಿದೆ. ಹುಡುಗ ಅನ್ನದ ಅಗುಳಿನಲ್ಲಿ ಇನ್ನೊಂದು ಹಾಳೆ ಅಂಟಿಸಿ ಪೈಪು ಮುಂದುವರಿಸಿದ್ದ. ಅದೂ ಮುಗಿದಿತ್ತು. ಹಿಂದೆ ಬರೆದಿದ್ದ ಮಾತು: 'ನೀರು ಇನ್ನೂ ಕೆಳಗೈತಣ್ಣ, ಹಾಳೆ ಸಾಲದು.'

ಇಲ್ಲಿ ಸಾವಿರ ಅಡಿ ದಾಟಿದರೂ ನೀರು ಸಿಗದ ಬೋರ್‌ವೆಲ್‌ಗಳಿವೆ. ಆ ಮನೆಯಲ್ಲಿ ಏನೇನು ಮಾತಾಗಿರಬಹುದು ಅಂತ ನಾವೆಲ್ಲ ಆ ಪೈಪಿನಲ್ಲಿ ನೋಡಿದೆವು. ಆ ವಿದ್ಯಾರ್ಥಿ ಹೇಳಿದ, 'ಮೇಡಂ, ಮಣ್ಣೊಳಗಿನದು ಕಾಣಲ್ಲ, ಅಳಿಸು ಅಂತ ಹೇಳೋಕೆ ಹೊರಟಿದ್ದೆ. ನಿಮ್ಮ ನಿಯಮ ನೆನಪಾಗಿ ಸುಮ್ಮನಾದೆ.' ಒಳಗಿನದನ್ನೂ ತೋರಿಸುವ ಇಂಥ ಚಿತ್ರಕ್ಕೆ ಎಕ್ಸ್-ರೇ ಚಿತ್ರ ಅನ್ನುತ್ತಾರೆ. ಮಗು ಕಣ್ಣಿಗೆ ಕಂಡಿದ್ದಷ್ಟೇ ಬರೆಯುವುದಿಲ್ಲ, ತನಗೆ ಗೊತ್ತಿರುವುದನ್ನೂ ಬರೆಯುತ್ತದೆ. ಅಳಿಸಿದ್ದರೆ ಆ ಹುಡುಗ ಮುಂದಿನ ಸಲ ತ್ರಿಕೋನದ ಬೆಟ್ಟ ಬರೆಯುತ್ತಿದ್ದ, ಅಲ್ವಾ?

ಇದಾದ ಮೇಲೆ ಅವರ ಸ್ವಂತ ಕೈಗೆ ಕೆಲಸ. ಅಂಗಡಿಯ ಬಣ್ಣ ಬೇಡ ಅನ್ನುತ್ತೇನೆ. ಹಳ್ಳಿ ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಬಣ್ಣದ ಡಬ್ಬಿ ಯಾರು ಕೊಡಿಸುತ್ತಾರೆ? ನಮ್ಮ ಕೆಂಪು ಮಣ್ಣೇ ಸಾಕು. ತೆಳು ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದು, ನೀರಲ್ಲಿ ಕದಡಿ, ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಉಳಿಯುವ ನುಣ್ಣನೆ ಮಣ್ಣೇ ಬಣ್ಣ. ಜಾಲಿ ಮರದ ಅಂಟು ನೆನೆಸಿ ಬೆರೆಸದಿದ್ದರೆ ಒಣಗಿದ ಮೇಲೆ ಉದುರುತ್ತದೆ. ಕಪ್ಪಿಗೆ ಇದ್ದಿಲು, ಬಿಳಿಗೆ ಸುಣ್ಣ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಹುಣಸೆ ರಸ ಬಿಟ್ಟರೆ ಮತ್ತೆ ಹಳದಿ. ವಿಜ್ಞಾನದ ವಿದ್ಯಾರ್ಥಿಗಳು ಅಲ್ಲೇ ಆಮ್ಲ, ಪ್ರತ್ಯಾಮ್ಲದ ಪಾಠ ಶುರು ಮಾಡಿಬಿಡುತ್ತಾರೆ. ಮಾಡಲಿ. ಆದರೆ ಕಲೆ ಬೇರೆ ವಿಷಯಕ್ಕೆ ಚಾರ್ಟ್ ಮಾಡಿಕೊಡುವ ಆಳಾಗಬಾರದು ಅಂತ ನನ್ನ ಹಟ. ಬಣ್ಣ ತಯಾರಾದ ಮೇಲೆ ಅದರಲ್ಲಿ ಏನಾದರೂ ಬರೆಯಲೇಬೇಕು.

'ಚಿತ್ರ ಬರಲ್ಲ' ಅನ್ನುವ ಹುಡುಗಿಯರ ಕೈಗೆ ನಾನು ಮೊದಲು ರಂಗೋಲಿ ಪುಡಿ ಕೊಡುತ್ತೇನೆ. ಹದಿನೈದು ಚುಕ್ಕಿಯ ರಂಗೋಲಿಯನ್ನು ನೋಡನೋಡುತ್ತಿದ್ದಂತೆ ಮುಗಿಸುತ್ತಾರೆ, ಒಂದು ಗೆರೆ ತಪ್ಪುವುದಿಲ್ಲ. 'ಇದು ಮುಗ್ಗು ಮೇಡಂ, ಚಿತ್ರ ಅಲ್ಲ' ಅನ್ನುತ್ತಾರೆ. ಮುಗ್ಗು ಅಂದರೆ ತೆಲುಗಲ್ಲಿ ರಂಗೋಲಿ. ಅದನ್ನು ಅಮ್ಮನಿಂದ ಕಲಿತಿದ್ದಾರೆ, ಸ್ಕೂಲಿನಿಂದ ಅಲ್ಲ. ಅದಕ್ಕೇ ಅದು ಅವರ ಲೆಕ್ಕಕ್ಕೆ ಬಂದಿಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಒಂದು ದಿನ ಸೋಮೇಶ್ವರ ದೇವಸ್ಥಾನಕ್ಕೂ ಹೋಗುತ್ತೇವೆ. ವಿಜಯನಗರ ಕಾಲದ ಆ ಕಲ್ಯಾಣ ಮಂಟಪದಲ್ಲಿ ಒಬ್ಬೊಬ್ಬರೂ ಒಂದೊಂದು ಕಂಬದ ಮುಂದೆ ನಲವತ್ತು ನಿಮಿಷ ಕೂರಬೇಕು. ಫೋಟೊ ತೆಗೆಯುವಂತಿಲ್ಲ. ಹತ್ತು ನಿಮಿಷಕ್ಕೇ ಚಡಪಡಿಸುತ್ತಾರೆ, ಇಪ್ಪತ್ತು ದಾಟಿದ ಮೇಲೆ ನೋಡಲು ಶುರು ಮಾಡುತ್ತಾರೆ.

ಎರಡನೇ ವರ್ಷ ಶಾಲೆಗೆ ಹೋಗಿ ಪಾಠ ಮಾಡುವ ಇಂಟರ್ನ್‌ಶಿಪ್ 16 ವಾರ. ಹೊರಡುವ ಮುಂಚೆ ಮತ್ತೆ 'ನಿಮ್ಮೂರು' ಬರೆಸುತ್ತೇನೆ. ಈ ಸಲ ಕೆರೆ ಬರುತ್ತದೆ, ಕಟ್ಟೆ, ತೂಬು, ಕೋಡಿ ಸಮೇತ. ಒಬ್ಬಳು ಹಾಲಿನ ಡೈರಿ ಮುಂದಿನ ಬೆಳಗಿನ ಸಾಲು ಬರೆದಿದ್ದಳು, ಕ್ಯಾನುಗಳು ಮನುಷ್ಯರಿಗಿಂತ ದೊಡ್ಡವು. ಇನ್ನೂ ಕೆಲವರು ನದಿಯನ್ನೇ ಬರೆಯುತ್ತಾರೆ. ಅವರ ಜೊತೆ ಕೂತು, 'ಇದರ ಬಗ್ಗೆ ಹೇಳು' ಅನ್ನುತ್ತೇನೆ.

ಶಾಲೆಗೆ ಹೋಗುವಾಗ ಎಲ್ಲರ ಬ್ಯಾಗಿನಲ್ಲೂ ಹೆಚ್ಚಿನ ಹಾಳೆ, ಒಂದು ಅಂಟಿನ ಡಬ್ಬಿ ಇರಬೇಕು ಅಂತ ಹೇಳಿ ಕಳಿಸುತ್ತೇನೆ. ಯಾವ ಮಗುವಿಗೆ ಹಾಳೆ ಸಾಲದೆ ಹೋಗುತ್ತದೋ ಮೊದಲೇ ಗೊತ್ತಾಗುವುದಿಲ್ಲ.